ಒಳ್ಳೆಯ ಕೈಗೆ ಕಟ್ಟಿದ ಟವೆಲ್

ನನಗೆ ಹಾಡಲು ಬರುವುದಿಲ್ಲ. ಚರ್ಚಿನಲ್ಲಿ ಕೀರ್ತನೆ ಶುರುವಾದರೆ ನನ್ನ ಪಕ್ಕದವರು ಮೆಲ್ಲಗೆ ಒಂದು ಹೆಜ್ಜೆ ಆಚೆ ಸರಿಯುತ್ತಾರೆ. ಪ್ರಸಂಗ ಮಾಡು ಎಂದರೆ ನಾಲಿಗೆಯೇ ಏಳುವುದಿಲ್ಲ. ಒಂದು ಸಲ ಭಾನುವಾರದ ಮಕ್ಕಳ ತರಗತಿಯನ್ನು ನನಗೆ ಒಪ್ಪಿಸಿ ನೋಡಿದರು. ನನ್ನ ಗದರಿಕೆಗೆ ಹೆದರಿ ಮಕ್ಕಳು ಒಂದೊಂದಾಗಿ ಜ್ವರ, ಹೊಟ್ಟೆನೋವು ಎಂದು ತಪ್ಪಿಸಿಕೊಳ್ಳತೊಡಗಿದವು. ತಾಯಂದಿರು ಹೋಗಿ ಅಯ್ಯನವರ ಹತ್ತಿರ ಹೇಳಿದ ಮೇಲೆ ಆ ಕೆಲಸವೂ ಕೈತಪ್ಪಿತು. ನಮ್ಮಲ್ಲಿ ಅಯ್ಯನವರು ಎಂದರೆ ಚರ್ಚಿನ ಪಾದ್ರಿಗಳು. ದೇವರ ಸೇವೆ ಎಂದರೆ ಹಾಡುವುದು, ಬೋಧಿಸುವುದು ಇಷ್ಟೇ ಆಗಿದ್ದರೆ ನಾನು ಯಾವತ್ತೋ ಪಂಕ್ತಿಯಿಂದ ಎದ್ದು ಹೋಗಬೇಕಾಗಿತ್ತು.

ಹಾಗಾಗಲಿಲ್ಲ ಎಂದರೆ ಅದಕ್ಕೆ ನಮ್ಮಪ್ಪ ಕಾರಣ. ಅವರು ಚನ್ನರಾಯಪಟ್ಟಣದಲ್ಲಿ ಮನೆಗಳಿಗೆ ವೈರಿಂಗ್ ಮಾಡುತ್ತಿದ್ದರು. ಭಾನುವಾರ ಆರಾಧನೆ ಮುಗಿದದ್ದೇ ತಡ, ಟೆಸ್ಟರು, ಕಟಿಂಗ್ ಪ್ಲೇಯರು ಚೀಲಕ್ಕೆ ಹಾಕಿಕೊಂಡು ಯಾರ ಮನೆಯಲ್ಲಿ ದೀಪ ಹತ್ತುತ್ತಿಲ್ಲ, ಯಾರ ಮನೆಯ ಸ್ವಿಚ್ಚು ಕಿಡಿ ಕಾರುತ್ತಿದೆ ಎಂದು ವಿಚಾರಿಸಿಕೊಂಡು ಹೋಗಿ ರಿಪೇರಿ ಮಾಡಿ ಬರುತ್ತಿದ್ದರು. ಯಾವ ಜಾತಿ, ಯಾವ ದೇವರು ಎಂದು ಕೇಳಿದವರಲ್ಲ. ನಮ್ಮಮ್ಮ ರೇಗಿದರೆ, "ಪ್ರಸಂಗ ಅಯ್ಯನವ್ರು ಮಾಡ್ತಾರೆ ಕಣೆ, ಲೈಟು ಹತ್ತಿಸೋರು ಯಾರು?" ಎಂದು ನಕ್ಕುಬಿಡುತ್ತಿದ್ದರು. ನನಗೆ ಧರ್ಮದ ಪಾಠ ಅಂತ ಆದದ್ದು ಹೆಚ್ಚುಕಡಿಮೆ ಅಷ್ಟೆ.

ನಾನು ಫಿಸಿಯೋಥೆರಪಿ ಓದಿದೆ. ಈಗ ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದೇನೆ. ರೋಗಿಗಳ ಬಾಯಲ್ಲಿ ನಾನು ಎಕ್ಸಸೈಜ್ ಡಾಕ್ಟ್ರಮ್ಮ. ನೋವು ತಿಂದವರು "ಕೈಕಾಲು ತಿರುಚೋಳು" ಎಂದು ಕರೆಯುವುದೂ ಉಂಟು, ಅದರಲ್ಲಿ ಸುಳ್ಳೇನಿಲ್ಲ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಲಕ್ವ ಹೊಡೆದವರು. ಆಸ್ಪತ್ರೆಯಲ್ಲಿರುವಷ್ಟು ದಿನ ನಾನು ಅವರನ್ನು ಎಬ್ಬಿಸಿ, ಕೂರಿಸಿ, ನಿಲ್ಲಿಸಿ ಮಾಡುತ್ತೇನೆ. ಮನೆಗೆ ಹೋದರು ಎಂದರೆ ಮುಗಿಯಿತು. ಅರಕಲಗೂಡಿನ ಆಚೆಯ ಹಳ್ಳಿಯಿಂದ ಲಕ್ವದವರನ್ನು ದಿನಾ ಹಾಸನಕ್ಕೆ ಕರೆತರುವುದು ಯಾರ ಕೈಲೂ ಆಗುವುದಿಲ್ಲ. ಹೀಗಾಗಿ ಭಾನುವಾರ ಬೆಳಗಿನ ಮೊದಲ ಆರಾಧನೆ ಮುಗಿಸಿ, ಚೀಲ ಹೆಗಲಿಗೇರಿಸಿ ನಾನೇ ಬಸ್ಸು ಹತ್ತುತ್ತೇನೆ. ಒಂದು ವಾರ ಶಾಂತಿಗ್ರಾಮ, ಒಂದು ವಾರ ಹೊಳೆನರಸೀಪುರ, ಹೀಗೆ. ಎಳನೀರು ಕೊಟ್ಟರೆ ಕುಡಿಯುತ್ತೇನೆ, ತೆಂಗಿನಕಾಯಿ ಕೊಟ್ಟರೆ ಭಾರ ಎಂದು ಬಿಟ್ಟುಬರುತ್ತೇನೆ.

ಇದನ್ನು ದೊಡ್ಡ ತ್ಯಾಗ ಎಂದು ಯಾರಾದರೂ ಹೊಗಳಿದರೆ ನನಗೆ ಮೈ ಉರಿಯುತ್ತದೆ. ನನಗೆ ಬರುವ ಕೆಲಸವನ್ನು ಬೇಕಾದ ಕಡೆ ಮಾಡುವುದರಲ್ಲಿ ತ್ಯಾಗ ಎಲ್ಲಿಂದ ಬಂತು? ಕಷ್ಟ ಇರುವುದು ಬೇರೆ ಕಡೆ. ನಮ್ಮ ಚರ್ಚಿನಲ್ಲಿ ಸಾಕ್ಷಿ ಹೇಳುವ ಪದ್ಧತಿ ಇದೆ. ರೋಗ ವಾಸಿಯಾದವರು, ಕಷ್ಟ ಕಳೆದವರು ಎದ್ದು ನಿಂತು ದೇವರು ಮಾಡಿದ ಉಪಕಾರ ಹೇಳುತ್ತಾರೆ, ಸಭೆ ಸ್ತೋತ್ರ ಎನ್ನುತ್ತದೆ. ನನ್ನ ರೋಗಿಗಳಲ್ಲಿ ಹಾಗೆ ಎದ್ದು ನಿಂತು ಹೇಳುವಷ್ಟು ಪೂರ್ತಿ ಗುಣವಾದವರು ಕಡಿಮೆ. ಒಬ್ಬರಿಗೆ ಮೊಣಕಾಲವರೆಗೆ ಬಲ ಬರುತ್ತದೆ, ಪಾದ ಬರುವುದಿಲ್ಲ. ಇನ್ನೊಬ್ಬರು ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಾರೆ, ಬೀದಿಗೆ ಇಳಿಯುವುದಿಲ್ಲ. "ದೇವರು ನನಗೆ ಅರ್ಧ ಕಾಲು ಕೊಟ್ಟ" ಎಂದು ಯಾರು ಸಾಕ್ಷಿ ಹೇಳುತ್ತಾರೆ? ಬೇರೆಯವರ ಸಾಕ್ಷಿ ಕೇಳುವಾಗ ನನಗೆ ಕೆಲವು ಸಲ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನ ಪಾಲಿಗೆ ಬಂದ ಕೆಲಸದಲ್ಲಿ ಯಾಕಿಷ್ಟು ಕಡಿಮೆ ಎಂದು.

ನಾನು ಹೇಳಹೊರಟಿರುವುದು ಅರಕಲಗೂಡಿನಿಂದ ರಾಮನಾಥಪುರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಒಂದು ಹಳ್ಳಿಯ ತಾಯಿಯ ವಿಷಯ. ಹೊಗೆಸೊಪ್ಪು ಬೆಳೆಯುವ ಮನೆ. ಯಜಮಾನರು ತೀರಿಕೊಂಡು ಬಹಳ ಕಾಲವಾಗಿತ್ತು. ಮಗ, ಸೊಸೆ ಜೊತೆಗಿದ್ದರು. ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಆಕೆಗೆ ಎಡಭಾಗಕ್ಕೆ ಲಕ್ವ ಹೊಡೆಯಿತು. ಆಸ್ಪತ್ರೆಯಲ್ಲಿದ್ದಾಗಲೇ ಕಾಲು ಅಷ್ಟಿಷ್ಟು ಚೇತರಿಸಿಕೊಂಡಿತು, ಕೈ ಹಿಂದೆ ಉಳಿಯಿತು. ಬೆರಳು ಮಾತ್ರ ಸ್ವಲ್ಪ ಮಡಚುತ್ತಿದ್ದರು. ಡಿಸ್ಚಾರ್ಜಿನ ದಿನ ಮಗ ಕೈಮುಗಿದು ಹೇಳಿದ್ದು ಹೀಗೆ.

"ಇನ್ಮ್ಯಾಕೆ ನಮ್ಮವ್ವುನ್ನ ಒಂದ್ ಕಡ್ಡಿ ಎತ್ತಾಕೂ ಬುಡಕಿಲ್ಲ ಕಣ್ರಮ್ಮ. ರಾಣಿ ಅಂಗೆ ನೋಡ್ಕತೀವಿ."

ಲಕ್ವದವರ ಪಾಲಿಗೆ ಇದಕ್ಕಿಂತ ಕೆಟ್ಟ ಆಶೀರ್ವಾದ ಇಲ್ಲ. ನಮ್ಮ ಸೀಮೆಯಲ್ಲಿ ಹೆತ್ತವರ ಸೇವೆ ಎಂದರೆ ಅವರ ಕೈಗೆ ಕೆಲಸ ಕೊಡದಿರುವುದು. ಹಾಸಿಗೆಯಲ್ಲಿ ಒರಗಿಸಿ, ಬಾಯಿಗೆ ತುತ್ತಿಟ್ಟು, ನೀರಿನ ಲೋಟ ತುಟಿಗೆ ಹಿಡಿಯುವುದು. ನೋಡಲು ಬಂದ ನೆಂಟರು "ಮಗ ಅಂದ್ರೆ ಇಂಗಿರ್ಬೇಕು" ಎಂದು ಮೆಚ್ಚಿ ಹೋಗುತ್ತಾರೆ. ಆ ಮೆಚ್ಚುಗೆಯಲ್ಲೇ ಕೈ ಸೆಟೆದುಕೊಳ್ಳುತ್ತದೆ, ಹೆಗಲು ಹಿಡಿದುಕೊಳ್ಳುತ್ತದೆ. ಮೊದಲ ಕೆಲವು ತಿಂಗಳಲ್ಲಿ ದುಡಿಸಿದರೆ ಕೈ ಎಷ್ಟೋ ಮಟ್ಟಿಗೆ ತಿರುಗಿ ಕಲಿಯುತ್ತದೆ. ಆ ಕಾಲ ಹೋಯಿತೆಂದರೆ ಆಮೇಲೆ ಏನು ತಿಪ್ಪರಲಾಗ ಹಾಕಿದರೂ ಬರುವುದು ಸ್ವಲ್ಪವೇ.

ಮುಂದಿನ ಭಾನುವಾರವೇ ಹೋದೆ. ನಾನು ಅಂದುಕೊಂಡಂತೆಯೇ ಇತ್ತು. ಆಕೆ ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಸೊಸೆ ಮೆತ್ತಗಿನ ಅನ್ನ ಕಲಸಿ ಬಾಯಿಗೆ ಇಡುತ್ತಿದ್ದಳು. ಎಡಗೈ ಯಾರೋ ಮಲಗಿಸಿ ಹೋದ ಮಗುವಿನಂತೆ ಪಕ್ಕದಲ್ಲಿ ಮಡಚಿದ ಕಂಬಳಿಯ ಮೇಲಿತ್ತು.

ರೋಗಿಯ ಮೈ ಮುಟ್ಟುವ ಮೊದಲು ಒಂದು ಗಳಿಗೆ ಕಣ್ಣು ಮುಚ್ಚಿಕೊಳ್ಳುವುದು ನನ್ನ ಅಭ್ಯಾಸ. ಅವತ್ತೂ ಮುಚ್ಚಿಕೊಂಡೆ. ಕಣ್ಣು ಬಿಟ್ಟು ಮೊದಲು ಆಡಿದ್ದೇ ಬೈಗುಳ.

"ಅನ್ನ ಯಾಕಮ್ಮ ತಿನ್ನಿಸ್ತಿದೀಯ? ಲಕ್ವ ಹೊಡೆದಿರೋದು ಎಡಗೈಗೆ. ಬಲಗೈಗೆ ಏನಾಗಿದೆ?"

ಸೊಸೆ ತಬ್ಬಿಬ್ಬಾದಳು. ಬಾಗಿಲಲ್ಲಿ ನಿಂತಿದ್ದ ಮಗನ ಮುಖ ಕೆಂಪಾಯಿತು. ಮಂಚದ ಮೇಲಿದ್ದ ಆಕೆಗೆ ಮಾತ್ರ ಯಾಕೋ ನಗು ಬಂತು. ಬಾಯಿ ಇನ್ನೂ ಒಂದು ಕಡೆಗೆ ಎಳೆದುಕೊಂಡಿತ್ತು, ನಗುವೂ ಅರ್ಧವೇ ಬಂತು.

"ನಿಮಗೆ ಮೊದಲು ಏನು ವಾಪಸ್ ಬರ್ಬೇಕು, ಹೇಳಿ" ಎಂದು ಕೇಳಿದೆ. ಇದನ್ನು ನಾನು ಎಲ್ಲರನ್ನೂ ಕೇಳುತ್ತೇನೆ. ನಡೆಯಬೇಕು ಎನ್ನುವವರೇ ಹೆಚ್ಚು. ಆಕೆ ಹಾಗೆನ್ನಲಿಲ್ಲ.

"ನಡ್ಯೋದು ಅಂಗಿರ್ಲಿ. ಸೊಪ್ಪು ಕಟ್ಟಾಕೆ ಆಯ್ತದಾ, ಅಷ್ಟ್ ಯೋಳಿ ಸಾಕು."

ಹೊಗೆಸೊಪ್ಪನ್ನು ಹೊಲದಿಂದ ಮುರಿದು ತಂದ ದಿನವೇ ಉದ್ದನೆಯ ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಎನ್ನುವ ಗೂಡಿನಂಥ ಮನೆಯೊಳಗೆ ನೇತುಹಾಕಿ ಬೆಂಕಿಯ ಕಾವಿನಲ್ಲಿ ಹದ ಮಾಡಬೇಕು. ಎರಡು ಮೂರು ಎಲೆಗಳ ತೊಟ್ಟು ಸೇರಿಸಿ ಎಡಗೈಯಲ್ಲಿ ಹಿಡಿಯುವುದು, ಬಲಗೈಯಲ್ಲಿ ದಾರ ಸುತ್ತಿ ಬಿಗಿಯುವುದು. ಹೆಂಗಸರು ಸಾಲಾಗಿ ಕೂತು ಕಟ್ಟುತ್ತಾರೆ. ಆ ಸಾಲಿನ ತಲೆಯಲ್ಲಿ ಕೂರುತ್ತಿದ್ದವರು ಆಕೆ. ಆಕೆಯ ಕೈ ಓಡಿದಷ್ಟು ಜೋರಾಗಿ ಮಿಕ್ಕವರ ಕೈ ಓಡಬೇಕು. ಸಡಿಲ ಕಟ್ಟಿದವಳಿಗೆ ಅಲ್ಲೇ ಮಂಗಳಾರತಿ. ಮನೆಯೊಳಗೆ ಮಗನ ಮಾತು, ಸೊಸೆಯ ಮಾತು ಏನೇ ನಡೆಯಲಿ, ಬ್ಯಾರನ್ ಮುಂದೆ ಆಕೆಯದೇ ದರ್ಬಾರು ಎಂದು ಸೊಸೆ ನನಗೆ ಆಮೇಲೆ ಹೇಳಿದಳು. ಕೈ ಹೋದರೆ ಆಕೆಗೆ ಹೋಗುವುದು ಆ ಜಾಗ. ಮಂಚದ ಮೇಲೆ ಕೂತ ರಾಣಿಯ ಮಾತನ್ನು ಯಾರು ಕೇಳುತ್ತಾರೆ?

"ಈಗಲೇ ಹೇಳೋಕಾಗಲ್ಲ. ದುಡಿಸಿ ನೋಡೋಣ" ಎಂದೆ.

ದುಡಿಸಲು ನಾನು ಹಿಡಿದ ದಾರಿ ಪುಸ್ತಕದಲ್ಲೇ ಇರುವಂಥದ್ದು. ಒಳ್ಳೆಯ ಕೈಗೆ ಬಟ್ಟೆ ಸುತ್ತಿ ಕಟ್ಟಿಬಿಡುವುದು. ಒಂದು ಕೈ ನೆಟ್ಟಗಿದ್ದರೆ ಮನುಷ್ಯ ಎಲ್ಲವನ್ನೂ ಅದರಲ್ಲೇ ಮಾಡಿಕೊಳ್ಳುತ್ತಾನೆ, ಸೋತ ಕೈ ಸೋಮಾರಿಯಾಗುತ್ತದೆ. ಒಳ್ಳೆಯದನ್ನು ಸ್ವಲ್ಪ ಹೊತ್ತು ಕಟ್ಟಿಹಾಕಿದರೆ ಸೋತದ್ದು ಬೇರೆ ದಾರಿಯಿಲ್ಲದೆ ಮೈ ಮುರಿದು ಏಳುತ್ತದೆ. ಆಕೆಯ ಬಲಗೈಗೆ ನನ್ನ ಟವೆಲ್ ಸುತ್ತಿ ಬಟ್ಟೆ ಕ್ಲಿಪ್ಪು ಸಿಕ್ಕಿಸಿದೆ. ಹೊಲದಲ್ಲಿ ಆಗಿನ್ನೂ ಹೊಗೆಸೊಪ್ಪಿನ ಸಸಿ ನಾಟಿಯಾಗಿತ್ತಷ್ಟೆ. ಬೇಲಿಯ ಹರಳಿನ ಗಿಡದಿಂದ ಉದ್ದ ತೊಟ್ಟಿನ ಎಲೆಗಳನ್ನು ಕಿತ್ತು ತರಿಸಿ, ಅವನ್ನು ಎಡಗೈಯಲ್ಲಿ ಒಂದೊಂದಾಗಿ ಎತ್ತಿ ಮಂಕರಿಗೆ ಹಾಕಬೇಕೆಂದೆ. ಹಿಡಿದರೆ ಬಿಡಲು ಬಾರದು, ಬಿಟ್ಟರೆ ಹಿಡಿಯಲು ಬಾರದು. ಆಕೆ ಬೆವರಿ ನೀರಾದರು. ನಾನು "ಇನ್ನೊಂದು, ಇನ್ನೊಂದು" ಎಂದು ಗದರುತ್ತಲೇ ಇದ್ದೆ. ಒಂದು ಸಲ ರೇಗಿ "ನಿಮ್ಮನೇಲಿ ಅತ್ತೆ ಇದ್ರೇನವ್ವ? ಪಾಪ, ಎಂಗ್ ಬದುಕುದ್ಲೋ!" ಎಂದರು. ನಾನು ನಗಲಿಲ್ಲ, ಬಸ್ಸಿನಲ್ಲಿ ಕೂತ ಮೇಲೆ ನಕ್ಕೆ.

ಮಿಕ್ಕ ಊರುಗಳ ಸರದಿಯನ್ನು ಮುಂದೂಡಿ ಹೀಗೆ ವಾರ ವಾರ ಹೋದೆ. ನಡುವಿನ ದಿನಗಳಲ್ಲಿ ಸೊಸೆ ಮಾಡಿಸುತ್ತಿದ್ದಳು. ಹೆದರುತ್ತ ಹೆದರುತ್ತ, ಮಗ ಹೊಲಕ್ಕೆ ಹೋದ ಮೇಲೆ. ಅವನಿಗೆ ಈ ಟವೆಲ್ಲು ಕಣ್ಣಿಗೆ ಕಸ ಬಿದ್ದಂತೆ. ತಾಯಿಯ ಕೈಯಿಂದ ಎಲೆ ಜಾರಿ ಬಿದ್ದಾಗ ಅವನು ನೋಡಲಾರದೆ ಎದ್ದು ಹೋಗುತ್ತಿದ್ದ. "ಮಲ್ಗಿದ್ರೆ ತಾನೇ ವಾಸಿಯಾಯ್ತದೆ ಮೇಡಂ, ಟೈಮ್ ಬೇಕು ಅಷ್ಟೇಯ" ಎನ್ನುತ್ತಿದ್ದ. ಆಗ ನಾನು ಅದನ್ನು ಬರೀ ತಿಳಿವಳಿಕೆಯ ಕೊರತೆ ಎಂದುಕೊಂಡಿದ್ದೆ.

ಮೊದಲ ಪೆಟ್ಟು ಬಂದದ್ದು ಚರ್ಚಿನಿಂದ. ಪ್ರಾರ್ಥನೆಯ ಕೋರಿಕೆಗಳನ್ನು ಹೇಳುವ ಹೊತ್ತಿನಲ್ಲಿ ನಾನು ಎದ್ದು, ಒಬ್ಬ ತಾಯಿಯ ಎಡಗೈ ಮತ್ತೆ ಸೊಪ್ಪು ಕಟ್ಟುವಂತಾಗಲಿ ಎಂದು ಬೇಡಿಕೊಳ್ಳಿ ಎಂದೆ. ಮುಂದಿನ ಬೆಂಚಿನ ಹಿರಿಯರೊಬ್ಬರು, ನಿವೃತ್ತ ಮೇಷ್ಟ್ರು, ತಿರುಗಿ ನೋಡಿ "ಯಾವ ಸೊಪ್ಪಮ್ಮ?" ಎಂದರು.

"ಹೊಗೆಸೊಪ್ಪು."

ಆಚೆ ಬಂದ ಮೇಲೆ ಮೇಷ್ಟ್ರು ನನ್ನನ್ನು ನಿಲ್ಲಿಸಿಕೊಂಡರು. ಭಾನುವಾರ ಕರ್ತನ ದಿನ, ಅದನ್ನು ಬಿಟ್ಟು ಊರೂರು ಅಲೆಯುವುದೇ ಒಂದು ತಪ್ಪು, ಅಂಥದ್ದರಲ್ಲಿ ಜನರ ಶ್ವಾಸಕೋಶ ಸುಡುವ ಬೆಳೆಗೆ ಕೈ ತಯಾರು ಮಾಡಿಕೊಡುತ್ತೀಯಾ, ಇದು ಕ್ರೈಸ್ತ ಸೇವೆಯೇ ಎಂದು ಕೇಳಿದರು. ಪಕ್ಕದಲ್ಲಿದ್ದ ಅಯ್ಯನವರು, ಕೆಲಸ ಮಾಡಬಾರದ ಸಬ್ಬತ್ ದಿನದಲ್ಲೇ ಕರ್ತನು ಒಬ್ಬನ ಬತ್ತಿದ ಕೈ ವಾಸಿಮಾಡಿದನಲ್ಲ ಮೇಷ್ಟ್ರೇ ಎಂದು ನನ್ನ ಪರ ಒಂದು ಮಾತು ಹಾಕಿದರು. ಮೇಷ್ಟ್ರು ಬಿಡುವ ಆಸಾಮಿಯಲ್ಲ. "ಆ ಕೈಗೆ ಹೊಗೆಸೊಪ್ಪು ಕಟ್ಟು ಅಂತ ಅಪ್ಪಣೆ ಆಗಲಿಲ್ಲವಲ್ಲ ಅಯ್ಯನವರೇ!"

ಮೇಷ್ಟ್ರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆಸ್ಪತ್ರೆಯಲ್ಲಿ ಬೀಡಿ, ಸಿಗರೇಟು ಸೇದಿ ಉಸಿರಿಗೆ ಒದ್ದಾಡುವವರನ್ನೂ ನಾನೇ ನೋಡುತ್ತೇನೆ, ಎದೆ ತಟ್ಟಿ ಕಫ ಇಳಿಸುತ್ತೇನೆ. ಆದರೆ ಕೈ ಆಕೆಯದು. ಬೇಕಾದದ್ದನ್ನು ಹಿಡಿಯಲು ಬರುವಂತೆ ಮಾಡುವುದು ನನ್ನ ಕೆಲಸ. ಏನು ಹಿಡಿಯಬೇಕೆಂದು ಹೇಳುವ ಅಧಿಕಾರ ನನಗೆ ಯಾರು ಕೊಟ್ಟರು? ಮೇಷ್ಟ್ರಿಗೆ ಅಷ್ಟನ್ನೂ ಹೇಳಲಾಗಲಿಲ್ಲ. "ಬಸ್ಸಿಗೆ ಹೊತ್ತಾಯ್ತು ಸಾರ್" ಎಂದು ಹೊರಟೆ.

ಎರಡನೆಯ ಪೆಟ್ಟು ಹಳ್ಳಿಯದು. ಆಷಾಢದ ಒಂದು ಭಾನುವಾರ ಆಕೆಯನ್ನು ನೋಡಲು ಪಕ್ಕದೂರಿನಿಂದ ನೆಂಟರು ಬ್ರೆಡ್ಡು, ಮೂಸಂಬಿ ಹಿಡಿದು ಬಂದರು. ಒಳಗೆ ಕಾಲಿಟ್ಟರೆ ಕಂಡದ್ದೇನು? ಲಕ್ವ ಹೊಡೆದ ಹೆಂಗಸಿನ ಒಳ್ಳೆಯ ಕೈಯನ್ನೂ ಕಟ್ಟಿಹಾಕಿದೆ, ಆಕೆ ಬೆವರುತ್ತ ನೆಲದ ಎಲೆ ಹೆಕ್ಕುತ್ತಿದ್ದಾರೆ, ಎದುರಿಗೆ ಕ್ರಿಶ್ಚಿಯನ್ ಹೆಂಗಸೊಬ್ಬಳು ಗದರುತ್ತಿದ್ದಾಳೆ. ನಾನು ಎಷ್ಟು ವಿವರಿಸಿದರೂ ಅವರ ಮುಖ ಸಡಿಲವಾಗಲಿಲ್ಲ. ಮಾತು ನನಗಿಂತ ಮೊದಲೇ ಬಸ್ಸು ಹತ್ತಿತು. ಭಾನುವಾರವೇ ಬರುತ್ತಾಳೆ, ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಾಳೆ, ಕೈ ಕಟ್ಟುತ್ತಾಳೆ, ದುಡ್ಡೂ ಕೇಳುವುದಿಲ್ಲ, ಇದೆಲ್ಲ ಜಾತಿ ಕೆಡಿಸುವ ಉಪಾಯ ಎಂದು.

ಮುಂದಿನ ವಾರ ನಾನು ಬಸ್ಸಿಳಿಯುವಾಗ ಮಗ ಅಲ್ಲೇ ಅರಳಿಮರದ ಕೆಳಗೆ ನಿಂತಿದ್ದ. ಮನೆಯವರೆಗೆ ಬರಲು ಬಿಡಲಿಲ್ಲ.

"ಮೇಡಂ, ಒಂದ್ ಮಾತ್ ಕೇಳ್ತೀನಿ, ಬ್ಯಾಸ್ರ ಮಾಡ್ಕಬ್ಯಾಡಿ. ನಮ್ಮವ್ವುನ್ನ ಮುಟ್ಟಾಕ್ ಮುಂಚೆ ಕಣ್ ಮುಚ್ಕಂಡು ಏನಂದ್ಕತೀರಾ?"

"ಪ್ರಾರ್ಥನೆ ಮಾಡ್ಕೋತೀನಪ್ಪ."

"ಏನಂತ?"

"ಇವತ್ತು ಯಾರ ಮೇಲೂ ಸಿಟ್ಟಾಗದ ಹಾಗೆ ನೋಡ್ಕೋ ಅಂತ."

ಅವನಿಗೆ ನಗು ಬಂತು, ತಡೆದುಕೊಂಡ. ನಾನು ಹೇಳಿದ್ದು ದೇವರಾಣೆಗೂ ನಿಜ. ಇಷ್ಟು ವರ್ಷವಾದರೂ ಆ ಪ್ರಾರ್ಥನೆ ಪೂರ್ತಿ ಕೈಗೂಡಿಲ್ಲ, ಅದು ಬೇರೆ ಮಾತು. ಅವನು ಚಪ್ಪಲಿಯಿಂದ ನೆಲ ಕೆರೆಯುತ್ತ, "ನೀವು ಒಳ್ಳೇರೆಯ. ಆದ್ರೆ ಊರಲ್ಲಿ ಮಾತು ಬಂದ್ಬುಟ್ಟದೆ. ಇನ್ನು ಬರ್ಬ್ಯಾಡಿ" ಎಂದ.

"ಈಗ ನಿಲ್ಲಿಸಿದ್ರೆ ಆ ಕೈ ಹೋಗ್ತದೆ. ಆಮೇಲೆ ನಾನಲ್ಲ, ಯಾರು ಬಂದ್ರೂ ಬರಲ್ಲ" ಎಂದೆ. ಅವನು ಬೆನ್ನು ತಿರುಗಿಸಿ ಮನೆಯ ಕಡೆ ನಡೆದ. ಅದೇ ಬಸ್ಸು ರಾಮನಾಥಪುರಕ್ಕೆ ಹೋಗಿ ತಿರುಗಿ ಬರುವವರೆಗೆ ನಾನು ಮರದ ಕೆಳಗೇ ಕೂತಿದ್ದು ಹತ್ತಿದೆ. ಅರಕಲಗೂಡು ಬರುವಷ್ಟರಲ್ಲಿ ಅಳು ಬಂತು. ಬೇಜಾರಿಗಿಂತ ಸಿಟ್ಟಿಗೆ. ಚರ್ಚಿನವರಿಗೆ ನಾನು ಹೊಗೆಸೊಪ್ಪಿನವಳು, ಹೊಗೆಸೊಪ್ಪಿನವರಿಗೆ ನಾನು ಚರ್ಚಿನವಳು. ಎಡಗೈ ಯಾರಿಗೂ ಬೇಡವಾಗಿತ್ತು.

ಆಸ್ಪತ್ರೆಯ ಸಹೋದ್ಯೋಗಿಯನ್ನಾದರೂ ಕಳಿಸೋಣವೆಂದರೆ ಭಾನುವಾರ ಅವನಿಗೆ ಹೊಳೆನರಸೀಪುರದಲ್ಲಿ ಸ್ವಂತ ಕ್ಲಿನಿಕ್ಕು. ಅಯ್ಯನವರನ್ನು ಕೇಳಿದೆ. ಬೇಡ ಎಂದ ಮನೆಗೆ ನುಗ್ಗಬಾರದು, ಕಾಯಿ ಎಂದರು. ಅವರಿಗೇನು, ಕಾಯುವುದು ಅವರ ಕಸುಬು. ಲಕ್ವದ ಕೈಗೆ ಕಾಯಲು ಬರುವುದಿಲ್ಲ. ಪ್ರತಿ ಭಾನುವಾರ ಬೇರೆ ಬಸ್ಸು ಹತ್ತುವಾಗ ಆ ಕೈ ಈಗ ಎಷ್ಟು ಬಿಗಿದಿರಬಹುದು ಎಂದು ಲೆಕ್ಕ ಹಾಕುತ್ತಿದ್ದೆ.

ಶ್ರಾವಣ ಕಳೆಯುವ ಹೊತ್ತಿಗೆ ಸೊಸೆಯ ಫೋನು ಬಂತು. ದನಿಯಲ್ಲಿ ನಗುವೋ ಅಳುವೋ ತಿಳಿಯಲಿಲ್ಲ.

"ಡಾಕ್ಟ್ರಮ್ಮ, ಅತ್ತೆಮ್ಮ ರಂಪ ಮಾಡ್ಬುಟ್ಟವ್ರೆ. ಈ ಭಾನ್ವಾರ ಬರ್ಬೇಕಂತೆ ನೀವು."

ಆದದ್ದು ಇಷ್ಟು. ಊರಿನ ನಾಲ್ಕು ಜನ ಹಿರಿಯರು ಇವರ ಜಗುಲಿಯ ಮೇಲೆ ಕೂತು ಬೇರೇನೋ ಮಾತಾಡುತ್ತಿದ್ದಾಗ ನನ್ನ ಸುದ್ದಿಯೂ ಬಂದಿದೆ. ಬರದಂತೆ ಮಾಡಿದ್ದು ಒಳ್ಳೆಯದಾಯಿತು ಎಂದು ಒಬ್ಬರು ಮಗನ ಬೆನ್ನು ತಟ್ಟಿದ್ದಾರೆ. ಒಳಗಿನಿಂದ ಕೇಳಿಸಿಕೊಂಡ ಆಕೆ ಗೋಡೆ ಹಿಡಿದುಕೊಂಡು, ಕಾಲೆಳೆದುಕೊಂಡು ಹೊಸಿಲಿಗೆ ಬಂದು ನಿಂತರಂತೆ.

"ಜಾತಿ ಕೆಡ್ಸಾಕ್ ಬಂದೋರು ಇಂಗ್ ಬಯ್ತಾರೇನ್ರಪ್ಪ? ನಯವಾಗಿ ಮಾತಾಡ್ತಾರೆ, ಸಕ್ಕರೆ ಕೊಡ್ತಾರೆ. ಆವಮ್ಮ ಬಂದ್ ದಿನ್ದಿಂದ ನಂಗೆ ಒಂದ್ ಒಳ್ಳೆ ಮಾತಾಡಿಲ್ಲ. ಅವ್ಳ ದೇವ್ರ ಎಸ್ರೂ ಯೋಳಿಲ್ಲ. ಇನ್ನೊಂದೆತ್ತು, ಇನ್ನೊಂದೆತ್ತು, ಅದೇ ಅವ್ಳ ಮಂತ್ರ. ನೀವ್ ಯಾರಾರ ಬಂದು ನನ್ ಕೈಗೆ ದುಡಿತೀರಾ, ಯೋಳಿ. ಇಲ್ದಿದ್ರೆ ಬಾಯ್ ಮುಚ್ಕಂಡ್ ಓಗಿ."

ಹಿರಿಯರಲ್ಲಿ ಒಬ್ಬರು ನಕ್ಕರಂತೆ, ಮಿಕ್ಕವರೂ ನಕ್ಕರಂತೆ. ನಕ್ಕ ಮೇಲೆ ವಿರೋಧ ನಿಲ್ಲುವುದು ಕಷ್ಟ. ಚರ್ಚಿನ ಮಕ್ಕಳನ್ನು ಓಡಿಸಿದ ಬಾಯಿ ಇಲ್ಲಿ ನನ್ನನ್ನು ಒಳಗೆ ಕರೆಸಿತ್ತು. ಕೇಳಿ ನಾನು ಫೋನು ಹಿಡಿದುಕೊಂಡೇ ನಗುತ್ತ ಕೂತೆ. ನಮ್ಮ ಮನೆಯವರು ಏನಾಯಿತೆಂದು ಕೇಳಿ ತಿಳಿದು, "ನಿನ್ ಬೈಗುಳನೂ ಒಂದು ವರದಾನ ಅಂತ ಅಯ್ಯನವ್ರಿಗೆ ಹೇಳ್ಬೇಕು" ಎಂದರು.

ಹೋದಾಗ ಆಕೆ ಮಂಚದಲ್ಲಿರಲಿಲ್ಲ. ಸೊಪ್ಪು ಮುರಿಯುವ ಕಾಲ ಶುರುವಾಗಿತ್ತು. ಬ್ಯಾರನ್ ಮುಂದಿನ ಶೀಟಿನ ಮಾಡಿನ ಕೆಳಗೆ ಎಲೆಗಳ ರಾಶಿ, ಸುತ್ತ ಹೆಂಗಸರು. ಎಲೆಯ ಅಂಟು ಎಲ್ಲರ ಕೈಗೂ ಕಪ್ಪಗೆ ಮೆತ್ತಿಕೊಂಡಿತ್ತು. ಸಾಲಿನ ತಲೆಯಲ್ಲಿ ಅಲ್ಲ, ತುದಿಯಲ್ಲಿ, ಗೋಡೆಗೆ ಒರಗಿಕೊಂಡು ಆಕೆ ಕೂತಿದ್ದರು. ಎಡಗೈ ಎರಡೆಲೆಯ ತೊಟ್ಟು ಹಿಡಿದಿತ್ತು. ಬಲಗೈ ದಾರ ಸುತ್ತಿತು. ಸುತ್ತಿ ಆದ ಮೇಲೆ ಎಡಗೈ ಬಿಡಬೇಕು, ಬಿಡಲಿಲ್ಲ. ಆಕೆ ಬಲಗೈಯಿಂದ ಎಡಗೈಯ ಬೆರಳನ್ನು ಒಂದೊಂದಾಗಿ ಬಿಡಿಸಿದರು. ಅಷ್ಟರಲ್ಲಿ ಪಕ್ಕದವಳು ಎಷ್ಟೋ ಮುಂದೆ ಹೋಗಿದ್ದಳು. ಆಕೆ ಕಟ್ಟಿ ಮುಗಿಸಿದ ಕಡ್ಡಿಯನ್ನು ಸೊಸೆ ಎತ್ತಿಕೊಂಡು ಹೋಗಿ, ಬೆನ್ನು ತಿರುಗಿಸಿ, ಸಡಿಲವಾದಲ್ಲಿ ಬಿಚ್ಚಿ ತಾನೇ ಬಿಗಿದು ಕಟ್ಟುತ್ತಿದ್ದಳು. ಮಗ ಬ್ಯಾರನ್ ಬಾಗಿಲಲ್ಲಿ ಸೌದೆ ಸರಿಮಾಡುವವನಂತೆ ನಿಂತು, ಕಣ್ಣೆಲ್ಲ ತಾಯಿಯ ಮೇಲೇ ಇಟ್ಟಿದ್ದ.

ನಾನು ಪಕ್ಕದಲ್ಲಿ ಕೂತು ಕೈ ತೆಗೆದುಕೊಂಡೆ. ಮಣಿಕಟ್ಟು, ಮೊಣಕೈ, ಹೆಗಲು, ಒಂದೊಂದನ್ನೂ ನೋಡಿದೆ. ಬಿಗಿದಿತ್ತು. ಬಿಟ್ಟುಹೋದ ವಾರಗಳು ಆ ಬೆರಳುಗಳಲ್ಲಿ ಕೂತಿದ್ದವು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು.

"ಅವ್ಳು ಬಿಚ್ಚಿ ಕಟ್ಟೋದು ನಂಗೆ ಗೊತ್ತು ಕಣವ್ವ" ಎಂದರು ಸಣ್ಣ ದನಿಯಲ್ಲಿ. ಆಮೇಲೆ ಎಲ್ಲರಿಗೂ ಕೇಳುವಂತೆ, "ನಿಜ ಯೋಳ್ಬೇಕು. ಮೊದ್ಲಂಗಾಯ್ತದಾ?"

ಹೆಂಗಸರ ಕೈಗಳು ನಿಂತವು. ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ಎಲ್ಲರಿಗೂ ಗೊತ್ತು. ದೇವರು ದೊಡ್ಡವನು, ಧೈರ್ಯವಾಗಿರಿ, ಆಗುತ್ತೆ ಎನ್ನಬೇಕು. ಚರ್ಚಿನಲ್ಲೂ ಹಾಗೇ ಹೇಳುತ್ತೇವೆ, ಹಳ್ಳಿಯಲ್ಲೂ ಹಾಗೇ ಹೇಳುತ್ತಾರೆ. ನನಗೂ ಹಾಗೆ ಹೇಳಿಬಿಡಬೇಕೆಂದು ತ್ರಾಸಾಗುವಷ್ಟು ಅನ್ನಿಸಿತು. ಆದರೆ ಆಕೆ ಕೇಳಿದ್ದು ನನ್ನ ದೇವರನ್ನಲ್ಲ, ನನ್ನ ವಿದ್ಯೆಯನ್ನು. ಅದರಲ್ಲಿ ಸುಳ್ಳು ಹೇಳಿದರೆ ನಾನು ಆ ಊರಿಗೆ ಯಾಕೆ ಹೋಗಬೇಕು?

"ಇಲ್ಲಮ್ಮ" ಎಂದೆ. "ಮೊದಲಿನ ಹಾಗೆ ಆಗಲ್ಲ. ಹಿಡಿಯೋದು ಇನ್ನೂ ಗಟ್ಟಿಯಾಗ್ತದೆ, ಅದಕ್ಕೆ ನಾನು ಜವಾಬ್ದಾರಿ. ಬಿಡೋದು ನಿಧಾನವೇ. ಆ ಓಟ ಮತ್ತೆ ಬರಲ್ಲ."

ಬ್ಯಾರನ್ ಬಾಗಿಲಿನಿಂದ ಸೌದೆ ಬಿದ್ದ ಸದ್ದಾಯಿತು. ಮಗ ಎರಡೇ ಹೆಜ್ಜೆಗೆ ನಮ್ಮ ಮುಂದೆ ಬಂದು ನಿಂತ.

"ಯಾಕ್ ಮೇಡಂ ಇಂಗಂತೀರಾ? ಆಯ್ತದೆ! ಮುಂದಿನ್ ವರ್ಸಕ್ಕೆ ಆಯ್ತದೆ! ಅದ್ಕೇ ನಾನು ಯೋಳಿದ್ದು, ಈಗ್ಲೇ ಕೂತ್ಕಬ್ಯಾಡ ಅಂತ. ಪೂರ್ತಿ ವಾಸಿಯಾದ್ಮ್ಯಾಕೆ ಬಂದು ಕೂತ್ಕಳ್ಳಿ ಅಂತ..." ಅಷ್ಟು ದೊಡ್ಡ ಆಳು, ಎಲ್ಲ ಹೆಂಗಸರ ಎದುರಿಗೆ ಮುಖಕ್ಕೆ ಟವೆಲ್ ಒತ್ತಿಕೊಂಡ.

ಇದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಊರಿನ ಮಾತಿಗೆ ಹೆದರಿ ಅವನು ನನ್ನನ್ನು ಬಿಡಿಸಿದ್ದು ನಿಜ, ಆದರೆ ಅದಕ್ಕೂ ಕೆಳಗೆ ಇದೊಂದಿತ್ತು. ತಾಯಿ ಮಲಗಿರುವವರೆಗೂ ನಾಳೆ ಎದ್ದು ಮೊದಲಿನಂತೆ ಆಗಬಹುದು. ಎದ್ದು ಕೂತು ಕೆಲಸ ಮಾಡಿದರೆ ಎಷ್ಟು ಹೋಗಿದೆ ಎಂದು ಕಂಡುಬಿಡುತ್ತದೆ. ಅದನ್ನು ನೋಡಲು ಅವನಿಗೆ ಧೈರ್ಯವಿರಲಿಲ್ಲ. ನಾನು ಅವನನ್ನು ಎಷ್ಟು ಬೈದಿದ್ದೆ ಮನಸ್ಸಿನಲ್ಲಿ!

ಆಕೆ ಎಲೆಯ ರಾಶಿಯ ಕಡೆ ನೋಡಿದರು. ಕಣ್ಣಲ್ಲಿ ನೀರು ಬಂತು, ಸೆರಗಿಗೆ ಒರೆಸಿಕೊಂಡರು. ಆಮೇಲೆ ಮಗನ ಕಡೆ ತಿರುಗಿದರು.

"ಕೇಳಿಸ್ಕಂಡೇನ್ಲಾ? ಆಗಕ್ಕಿಲ್ಲವಂತೆ. ಇನ್ನು ನಿಮ್ಮವ್ವ ವಾಸಿಯಾಗ್ಲಿ ಅಂತ ದಾರಿ ಕಾಯ್ಬ್ಯಾಡ. ನಾನು ಇಷ್ಟೇಯ. ಇಲ್ಲೇ ಇವ್ನಿ."

ಅವನು ನಿಂತೇ ಇದ್ದ. ಕೊನೆಗೆ ಲುಂಗಿ ಎತ್ತಿಕಟ್ಟಿ ತಾಯಿಯ ಎದುರಿಗೆ ನೆಲದ ಮೇಲೆ ಕೂತ. ಸೊಪ್ಪು ಕಟ್ಟುವುದು ಹೆಂಗಸರ ಕೆಲಸ, ಅವನು ಹುಟ್ಟಿದ ಮೇಲೆ ದಾರ ಮುಟ್ಟಿದವನಲ್ಲ. ಆಕೆಯ ತೊಡೆಯ ಮೇಲಿದ್ದ ದಾರದ ಉಂಡೆ ಎತ್ತಿಕೊಂಡು, "ಕೊಡವ್ವ" ಎಂದ.

ಆಕೆ ಎಡಗೈಯಲ್ಲಿ ಎರಡೆಲೆ ಸೇರಿಸಿ ಹಿಡಿದರು. ಅವನು ದಾರ ಸುತ್ತಿ ಗಂಟು ಹಾಕಿದ. ಎಲೆ ಜೋತುಬಿತ್ತು. ಆಕೆ ಅದನ್ನು ಒಮ್ಮೆ ನೋಡಿದರು, ಸಾಲಿನ ಹೆಂಗಸರನ್ನು ಒಮ್ಮೆ ನೋಡಿದರು.

"ಥೂ, ಇದೇನ್ಲಾ ಕಟ್ಟೋ ರೀತಿ?" ಎಂದು ಗದರಿದರು. "ಬಿಚ್ಚು. ಬಿಗಿಯಾಗಿ ಕಟ್ಟು."